ಟ್ರಾಲ್ ದೋಣಿಯ ಮಾದರಿ: ಒಡಲು ಸರಿ, ಸಣ್ಣ ಸಾಮಾನೆಲ್ಲ ಆಟಿಕೆಯಂತೆ ಕಾಣುತ್ತಿದೆ

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು:

ನಮ್ಮ ಊರಿನವರು ಕಡಲು ನೋಡಬೇಕೆಂದರೆ ಚಾರ್ಮಾಡಿ ಘಾಟಿ ಇಳಿಯಬೇಕು. ಆದರೂ ಎರಡು ವರ್ಷದಿಂದ ಮಹಡಿ ಕೋಣೆಯಲ್ಲಿ ಕುಳಿತು ದೋಣಿ ಕಟ್ಟುತ್ತಿದ್ದೇನೆ. "ಇದನ್ನು ಯಾವ ಕೆರೆಗೆ ಇಳಿಸುತ್ತೀರಿ?" ಎಂದು ಮನೆಯವಳು ಕೇಳುವುದನ್ನು ನಿಲ್ಲಿಸಿ ಆರು ತಿಂಗಳಾಯಿತು.

ಮಲ್ಪೆ ಬಂದರಿನಲ್ಲಿ ತೆಗೆದ ಫೋಟೊಗಳೇ ನನ್ನ ನಕ್ಷೆ. 15 ಮೀಟರ್ ಉದ್ದದ ಮರದ ಟ್ರಾಲ್ ದೋಣಿ, ಅಂದರೆ ಬಲೆ ಎಳೆದು ಮೀನು ಹಿಡಿಯುವಂಥದ್ದು, 1:24ರ ಅಳತೆ. ಮೇಜಿನ ಮೇಲೆ 62.5 ಸೆಂ.ಮೀ. ಒಡಲು, ಅಟ್ಟದ ಹಲಗೆ, ಚುಕ್ಕಾಣಿ ಕೋಣೆ ಚೆನ್ನಾಗಿಯೇ ಬಂದಿವೆ. ಕೆಟ್ಟದ್ದು ಅಲ್ಲಿಂದ ಮುಂದೆ. ರೇಲಿಂಗಿಗೆ ಹಲ್ಲುಕಡ್ಡಿ ಹಾಕಿದೆ. ಲಂಗರಿಗೆ ಫ್ಯಾನ್ಸಿ ಅಂಗಡಿಯ ಸರದ ಚೈನು, ಹಗ್ಗಕ್ಕೆ ಹೊಲಿಗೆ ದಾರ, ಪಕ್ಕಕ್ಕೆ ತೂಗುಬಿಡುವ ಟೈರುಗಳಿಗೆ ಆಟದ ಕಾರಿನ ಚಕ್ರ. ಒಂದೊಂದನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರೆ ಚೆಂದವೇ. ದೋಣಿಗೆ ಹಚ್ಚಿದ ಕೂಡಲೇ ಜಾತ್ರೆಯಲ್ಲಿ ಕೊಂಡ ಆಟಿಕೆ. ಬಣ್ಣ ಬದಲಿಸಿ ನೋಡಿದೆ, ತುಕ್ಕು ಬಳಿದು ನೋಡಿದೆ, ಪ್ರಯೋಜನವಾಗಲಿಲ್ಲ. ಎಲ್ಲಿ ಎಡವಿದ್ದೇನೆ ಎಂದು ಯಾರಾದರೂ ಹೇಳಿ.

ನಿವೃತ್ತ ಫಿಟ್ಟರ್, ಹಾಸನ:

ಬಣ್ಣದ ಡಬ್ಬಿ ಮುಚ್ಚಿಡಿ ಸ್ವಾಮಿ, ಕ್ಯಾಲಿಪರ್ ತೆಗೆದುಕೊಳ್ಳಿ.

ಹಲ್ಲುಕಡ್ಡಿ 2 ಮಿ.ಮೀ. ದಪ್ಪ ಇರುತ್ತದೆ. 24ರಿಂದ ಗುಣಿಸಿ, 48 ಆಯಿತು. ಅದು ಒಂದೂವರೆ ಇಂಚಿನ ಪೈಪು. ದೋಣಿಯ ರೇಲಿಂಗಿಗೆ ಅಷ್ಟು ದಪ್ಪದ್ದನ್ನು ಯಾರು ಹಾಕುತ್ತಾರೆ? ಒಂದು ಇಂಚಿನದು ಸಾಕು. ಒಂದು ಇಂಚು ಎಂದರೆ 25 ಮಿ.ಮೀ. ಎಂದುಕೊಂಡು ಇನ್ನೊಂದು ತಪ್ಪು ಮಾಡಬೇಡಿ. ಪೈಪಿಗೆ ಹೇಳುವ ಇಂಚು ಹೆಸರಿಗೆ ಮಾತ್ರ. ಒಂದು ಇಂಚಿನ ಪೈಪಿನ ಹೊರ ವ್ಯಾಸ 33.4 ಮಿ.ಮೀ. ಭಾಗಿಸಿದರೆ 1.4. ತಂತಿಯ ಲೆಕ್ಕದಲ್ಲಿ 17 ಗೇಜು.

ಈ ತಂತಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮೋಟಾರ್ ರಿವೈಂಡಿಂಗ್ ಮಾಡುವವರ ಬಳಿ ಸುಟ್ಟ ಪಂಪ್‌ಸೆಟ್ಟಿನಿಂದ ಬಿಚ್ಚಿದ ತಾಮ್ರದ ತಂತಿ ಬಗೆಬಗೆಯ ಗೇಜಿನಲ್ಲಿ ಬಿದ್ದಿರುತ್ತದೆ. ಮೇಲಿನ ವಾರ್ನಿಷ್ ಪದರವನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೆಸುಗೆ ಕೂರುವುದಿಲ್ಲ. ಸುರುಳಿಯಾಗಿದ್ದ ತಂತಿಯನ್ನು ಬೆರಳಿನಿಂದ ತೀಡಿ ನೇರ ಮಾಡಲು ಹೋದರೆ ಅಲೆ ಅಲೆಯಾಗಿಯೇ ಉಳಿಯುತ್ತದೆ. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಮೈಭಾರ ಕೊಟ್ಟು ನಿಧಾನವಾಗಿ ಎಳೆಯಿರಿ. ಬಿಗಿಯಾಗಿ ನಿಂತಿದ್ದ ತಂತಿ ಒಂದು ಗಳಿಗೆಯಲ್ಲಿ ಸೋತು ಸ್ವಲ್ಪ ಬಿಟ್ಟುಕೊಡುವುದು ಕೈಗೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ನೆಟ್ಟಗೂ ಆಗಿರುತ್ತದೆ, ಮೊದಲಿಗಿಂತ ಗಟ್ಟಿಯೂ ಆಗಿರುತ್ತದೆ.

ಕಂಬಕ್ಕೆ ಅಡ್ಡಕಂಬಿ ಕೂರುವ ಕಡೆ ದುಂಡು ಅರದಿಂದ ಚಡಿ ತೆಗೆಯಿರಿ. ಹಲಗೆಯ ಮೇಲೆ ರೇಲಿಂಗಿನ ಚಿತ್ರ ಬರೆದು, ಗೆರೆಯ ಎರಡೂ ಬದಿಗೆ ಗುಂಡುಸೂಜಿ ಚುಚ್ಚಿ, ತಂತಿಗಳನ್ನು ಅದರ ನಡುವೆ ಮಲಗಿಸಿ ಬೆಸೆಯಿರಿ. ಎರಡನೆಯ ಬೆಸುಗೆ ಹಾಕುವಾಗ ಮೊದಲನೆಯದು ಕರಗಿ ಬಿಡದಂತೆ ಅದಕ್ಕೆ ಒದ್ದೆ ಹತ್ತಿ ಸುತ್ತಿಡಿ.

ಸೂಜಿದಾರ, ಅರಸೀಕೆರೆ:

ಊದಿನಕಡ್ಡಿಯ ಬಿದಿರನ್ನು ಈಗಷ್ಟೇ ಅಳೆದೆ. ನಮ್ಮ ಮನೆಯದು 1.3 ಮಿ.ಮೀ. ಮಲ್ಲಂದೂರಿನವರು ದೇವರ ಮನೆಗೆ ಹೋಗಿದ್ದರೆ ಸಾಕಾಗಿತ್ತು, ಅಡುಗೆ ಮನೆಗೆ ಹೋಗಿ ಕೆಟ್ಟರು.

ನಿವೃತ್ತ ಫಿಟ್ಟರ್, ಹಾಸನ:

ಅಮ್ಮಾ, ಬಿದಿರಿಗೆ ಬೆಸುಗೆ ಹಾಕುವುದು ಹೇಗೆ ಎಂದೂ ಹೇಳಿಬಿಡಿ.

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು:

ಫಿಟ್ಟರ್ ಸಾಹೇಬರೇ, ನಿಮ್ಮ ಮಾತು ಓದಿದ ಮೇಲೆ ಮೇಜಿನ ಮೇಲಿದ್ದ ಎಲ್ಲವನ್ನೂ ಅಳೆದೆ. ನಾಚಿಕೆಯಾಯಿತು. ಸರದ ಚೈನಿನ ಕೊಂಡಿ ನಿಜದ ದೋಣಿಯಲ್ಲಿ 30 ಮಿ.ಮೀ. ಸರಳಿನದಾಗುತ್ತದೆ, ಸರಕು ಹಡಗಿಗೆ ಸರಿ. ಟೈರಿನದು ಹೇಗೆ ಲೆಕ್ಕ ಹಾಕುವುದು? ಅದರ ಫೋಟೊದಲ್ಲಿ ಪಕ್ಕದಲ್ಲಿ ಅಳತೆಗೆ ಸಿಗುವಂಥದ್ದು ಏನೂ ಇಲ್ಲ.

ಘಟ್ಟ ಹತ್ತಿದವನು, ಬೇಲೂರು:

ಹುಟ್ಟಿದ್ದು ಮಲ್ಪೆಯ ಹತ್ತಿರ, ಹೊಟ್ಟೆಪಾಡು ಬೇಲೂರಿನಲ್ಲಿ. ಟೈರಿನ ಅಳತೆ ಟೈರಿನ ಮೈಮೇಲೆಯೇ ಬರೆದಿರುತ್ತದೆ ಅಣ್ಣ. 165/80 ಆರ್ 14 ಎಂದಿದ್ದರೆ ಅಗಲ 165 ಮಿ.ಮೀ., ಪಕ್ಕದ ಗೋಡೆ ಅದರ ನೂರಕ್ಕೆ 80 ಪಾಲು ಎಂದರೆ 132, ನಡುವಿನ ರಿಮ್ಮು 14 ಇಂಚು ಎಂದರೆ 356. ಮೇಲೆ ಕೆಳಗೆ ಎರಡು ಗೋಡೆ ಕೂಡಿಸಿದರೆ ಒಟ್ಟು 620. ನಿಮ್ಮ ಮಾದರಿಯಲ್ಲಿ 26 ಮಿ.ಮೀ. ಎತ್ತರ, 7 ಮಿ.ಮೀ. ಅಗಲ. ಹೆಚ್ಚುಕಡಿಮೆ ಈ ಗಾತ್ರದ ರಬ್ಬರ್ ವಾಷರ್ ನೀರಿನ ನಲ್ಲಿ ರಿಪೇರಿಯವರ ಬಳಿ ಸಿಗುತ್ತದೆ. ಆಟದ ಕಾರಿನ ಚಕ್ರದ ಮೇಲೆ ಹೊಸ ಟೈರಿನ ಗೀರುಗಳಿರುತ್ತವೆ. ದೋಣಿಗೆ ಬರುವುದು ರಸ್ತೆಯಲ್ಲಿ ಸವೆದು ಬೋಳಾದ ಟೈರು, ಆದ್ದರಿಂದ ಬೋಳು ವಾಷರೇ ವಾಸಿ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತೂಗುಹಾಕಬೇಡಿ. ಒಂದರ ಹಗ್ಗ ಉದ್ದ, ಒಂದರದು ಗಿಡ್ಡ, ಒಂದು ಓರೆ.

ಇನ್ನೆರಡು ಮಾತು. ಹೊಸಬರು ದೋಣಿ ಎಂದರೆ ಮೈಯೆಲ್ಲ ತುಕ್ಕು ಬಳಿಯುತ್ತಾರೆ. ದಿನಾ ದುಡಿಯುವ ದೋಣಿಯಲ್ಲಿ ಉಜ್ಜುವ ಜಾಗ ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಹಗ್ಗ ಹಾದುಹೋಗುವ ಕಪ್ಪಿಯ ಚಡಿ ಥಳಥಳ ಹೊಳೆಯುತ್ತದೆ, ಅದರ ಎರಡು ಬೆರಳು ಪಕ್ಕಕ್ಕೆ ತುಕ್ಕು ಇರುತ್ತದೆ. ಕೈ ಹಿಡಿಯುವ ಕಡೆ ಬಣ್ಣ ಹೋಗಿ ನುಣುಪಾಗಿರುತ್ತದೆ.

ಲಂಗರಿಗೆ ಪೂರ್ತಿ ಸರಪಳಿಯೂ ಬೇಡ. ಸಣ್ಣ ದೋಣಿಗಳಲ್ಲಿ ಲಂಗರಿನ ಹತ್ತಿರ ಒಂದಿಷ್ಟು ಸರಪಳಿ, ಆಮೇಲೆ ಹಗ್ಗ. ಸರಪಳಿಯ ಭಾರಕ್ಕೆ ಎಳೆತ ನೆಲಕ್ಕೆ ಒರಗಿದಂತೆ ಬರುತ್ತದೆ, ಲಂಗರು ಕಚ್ಚಿಕೊಳ್ಳುತ್ತದೆ.

ಸೂಜಿದಾರ, ಅರಸೀಕೆರೆ:

ಹಗ್ಗದ ಮಾತು ಬಂದದ್ದರಿಂದ ಹೇಳುತ್ತೇನೆ. ಹೊಲಿಗೆ ದಾರ ಯಾಕೆ ಹಗ್ಗದಂತೆ ಕಾಣುವುದಿಲ್ಲ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ನಮ್ಮದು ತೆಂಗಿನ ಸೀಮೆ, ನಾರಿನ ಹಗ್ಗ ಹೊಸೆಯುವುದನ್ನು ನೋಡಿಕೊಂಡೇ ಬೆಳೆದವಳು. ಆದರೂ ಉತ್ತರ ಹೊಳೆಯಲು ಒಂದು ಮಳೆಗಾಲ ಬೇಕಾಯಿತು.

ಅಂಗಡಿಯ ಮೂರೆಳೆ ಹಗ್ಗವನ್ನು ನೆಟ್ಟಗೆ ಹಿಡಿದು ನೋಡಿ. ಎಳೆಗಳು ಎಡದ ಕೆಳಗಿನಿಂದ ಬಲದ ಮೇಲಕ್ಕೆ ಏರುತ್ತವೆ. ಹೊಲಿಗೆ ದಾರದ ಹುರಿಯೂ ಸಾಮಾನ್ಯವಾಗಿ ಅದೇ ದಿಕ್ಕಿಗೆ. ಮೂರು ದಾರ ಸೇರಿಸಿ ಹೊಸೆದರೆ ಅದು ಬಿಚ್ಚದೆ ನಿಲ್ಲಬೇಕಾದರೆ ಎದುರು ದಿಕ್ಕಿಗೇ ಹೊಸೆಯಬೇಕು, ಆಗ ಹಗ್ಗ ಎಡಮುರಿಯಾಗುತ್ತದೆ. ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಆದರೆ ಏನೋ ಸರಿಯಿಲ್ಲ ಎನಿಸುತ್ತದೆ. ಉಪಾಯ ಇಷ್ಟೇ: ಮೊದಲು ಎರಡೆರಡು ದಾರವನ್ನು ಎಡಕ್ಕೆ ಹೊಸೆದು ಮೂರು ಎಳೆ ಮಾಡಿಕೊಳ್ಳಿ, ಆಮೇಲೆ ಆ ಮೂರನ್ನೂ ಸೇರಿಸಿ ಬಲಕ್ಕೆ ಹೊಸೆಯಿರಿ. ಒಟ್ಟು ಆರು ದಾರ. ನಾನು ಒಂದು ತುದಿಯನ್ನು ಕಿಟಕಿಯ ಸರಳಿನ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಕೈಡ್ರಿಲ್ಲಿಗೆ ಕಟ್ಟಿ ತಿರುಗಿಸುತ್ತೇನೆ. ಹೊಸೆದಂತೆ ಹಗ್ಗ ಗಿಡ್ಡವಾಗುತ್ತದೆ, ಡ್ರಿಲ್ ಹಿಡಿದವರು ಹೆಜ್ಜೆ ಹೆಜ್ಜೆ ಮುಂದೆ ಬರಬೇಕು. ಮುಗಿದ ಮೇಲೆ ಬಿಗಿಯಾಗಿ ಎಳೆದು ಕಟ್ಟಿ ಒಂದು ರಾತ್ರಿ ಬಿಡಿ.

ಹತ್ತಿ ದಾರದ ಜುಂಗು ಸಹ ಮೋಸ ಮಾಡುತ್ತದೆ. ಅರ್ಧ ಮಿ.ಮೀ. ಉದ್ದದ ಒಂದು ಕೂದಲು ನಿಮ್ಮ ದೋಣಿಯಲ್ಲಿ 12 ಮಿ.ಮೀ. ಗಡ್ಡ. ಜೇನುಮೇಣದ ಮೇಲೆ ಎರಡು ಸಲ ಎಳೆದು, ಬೆರಳಿನ ನಡುವೆ ಸವರಿ.

ಘಟ್ಟ ಹತ್ತಿದವನು, ಬೇಲೂರು:

ಅಕ್ಕಾ, ಈಗಿನ ದೋಣಿಗಳಲ್ಲಿ ನಾರಿನ ಹಗ್ಗ ಎಲ್ಲಿದೆ? ಎಲ್ಲ ಪ್ಲಾಸ್ಟಿಕ್ ಹಗ್ಗ. ಜುಂಗಿಲ್ಲದ ಪಾಲಿಯೆಸ್ಟರ್ ದಾರವೇ ಇದಕ್ಕೆ ಒಪ್ಪುತ್ತದೆ. ಹೊಸೆಯುವ ದಿಕ್ಕಿನ ಮಾತು ಮಾತ್ರ ನೂರಕ್ಕೆ ನೂರು ನಿಜ.

ರೆಸಿನ್ ಹುಡುಗ, ಹಾಸನ:

ಎಲ್ಲರೂ ಇಷ್ಟು ಕಷ್ಟಪಡುವುದನ್ನು ಓದಿ ಕೇಳುತ್ತಿದ್ದೇನೆ, ಬೇಸರಿಸಬೇಡಿ. ದ್ರವ ರೆಸಿನನ್ನು ಪದರ ಪದರವಾಗಿ ಗಟ್ಟಿ ಮಾಡಿ ವಸ್ತು ತಯಾರಿಸುವ 3ಡಿ ಪ್ರಿಂಟರಿನಲ್ಲಿ 0.05 ಮಿ.ಮೀ. ಪದರ ಸುಲಭವಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಒಮ್ಮೆ ಬಿಡಿಸಿದರೆ ಬೋಲ್ಟು, ಕಪ್ಪಿ, ಮೀನಿನ ಕ್ರೇಟು ಎಲ್ಲವೂ ಒಂದೇ ರಾತ್ರಿಯಲ್ಲಿ ತಯಾರು. ಉದಾಹರಣೆಗೆ ಎಂ16, ಅಂದರೆ 16 ಮಿ.ಮೀ. ದಪ್ಪದ ಬೋಲ್ಟಿನ ತಲೆ.

ನಿವೃತ್ತ ಫಿಟ್ಟರ್, ಹಾಸನ:

ಎಂ16ಕ್ಕೆ 24ರ ಸ್ಪ್ಯಾನರ್. ನಿಮ್ಮ ಅಳತೆಯಲ್ಲಿ ಸರಿಯಾಗಿ 1 ಮಿ.ಮೀ. ಆರು ಮೂಲೆ ಇರಬೇಕು, ದುಂಡಗೆ ಇರಬಾರದು. ನಾನು ಹಿತ್ತಾಳೆ ಕಡ್ಡಿಯಲ್ಲಿ ಅರ ಹಾಕಿ ಆರು ಮುಖ ತೆಗೆದು, ಹೋಳು ಹೋಳಾಗಿ ಕತ್ತರಿಸಿದ್ದೇನೆ. 40 ತಲೆಗೆ ಮೂರು ಸಂಜೆ ಹಿಡಿಯಿತು.

ರೆಸಿನ್ ಹುಡುಗ, ಹಾಸನ:

ಸಾರ್, ಸುಮ್ಮನೆ ಲೆಕ್ಕ ಹಾಕಿದೆ. 1 ಮಿ.ಮೀ. ಅಗಲದ ಷಟ್ಕೋನದ ಮೂಲೆ ಅದೇ ಅಗಲದ ದುಂಡಿಗಿಂತ ಹೊರಗೆ ಚಾಚುವುದು 0.08 ಮಿ.ಮೀ. ಒಳ್ಳೆಯ ಕಣ್ಣು 30 ಸೆಂ.ಮೀ. ದೂರದಿಂದ ಬೇರೆ ಮಾಡಿ ನೋಡಬಲ್ಲದ್ದು ಸುಮಾರು 0.09 ಮಿ.ಮೀ. ನಿಮ್ಮ ಆರು ಮೂಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಪ್ರಿಂಟಿನ ಮೂಲೆಯೂ ಬೀಳುವುದಿಲ್ಲ, ಒಪ್ಪುತ್ತೇನೆ.

ನಿವೃತ್ತ ಫಿಟ್ಟರ್, ಹಾಸನ:

ನನ್ನ ಕಣ್ಣಿಗೆ ಬೀಳುತ್ತದೆ.

ಸೂಜಿದಾರ, ಅರಸೀಕೆರೆ:

ಇಬ್ಬರೂ ಸರಿ. ಮೂಲೆ ಕಾಣುವುದಿಲ್ಲ, ಆದರೆ ಚಪ್ಪಟೆ ಮುಖ ಬೆಳಕನ್ನು ಒಂದೇ ಕಡೆಗೆ ಎಸೆಯುತ್ತದೆ. ದೀಪದ ಕೆಳಗೆ ಮಾದರಿಯನ್ನು ತಿರುಗಿಸಿದರೆ ಮಿಣುಕುತ್ತದೆ. ದುಂಡು ತಲೆಯಲ್ಲಿ ಆ ಮಿಣುಕು ಇಲ್ಲ. ಅಟ್ಟದ ಮುಂಭಾಗದಲ್ಲಿ ಕಣ್ಣಿಗೆ ಹೊಡೆಯುವ ಏಳೆಂಟಕ್ಕೆ ಫಿಟ್ಟರ್ ಅವರ ತಲೆ ಇಡಿ. ಉಳಿದದ್ದಕ್ಕೆ ಗುಳಿಗೆ ಹಾಳೆಯ ಹಿಂದಿನ ಅಲ್ಯೂಮಿನಿಯಂ ಕಾಗದವನ್ನು ರಟ್ಟಿನ ಮೇಲೆ ಬೋರಲು ಹಾಕಿ, ಮೊಂಡು ಸೂಜಿಯಿಂದ ಒತ್ತಿ. ಆಚೆ ಬದಿಗೆ ಸಾಲಾಗಿ ಗುಬ್ಬಿ ಏಳುತ್ತದೆ, ಪಟ್ಟಿಯನ್ನೇ ಕತ್ತರಿಸಿ ಅಂಟಿಸಬಹುದು.

ಕಾಫಿ ಕೊರಡು, ಮೂಡಿಗೆರೆ:

ಪ್ರಿಂಟರ್ ವಿಷಯದಲ್ಲಿ ನನಗೆ ಜಗಳವಿಲ್ಲ. ಮೀನಿನ ಕ್ರೇಟಿನಂತೆ ಒಂದೇ ಥರದ್ದು ಇಪ್ಪತ್ತು ಬೇಕಾದರೆ ಅದೇ ಸರಿ. ನಿಜದ ಕ್ರೇಟೂ ಅಚ್ಚಿನಲ್ಲಿ ಹೊರಬಿದ್ದ ಪ್ಲಾಸ್ಟಿಕ್ ತಾನೇ. ಮರದ ಸಾಮಾನನ್ನು ಮಾತ್ರ ಮರದಲ್ಲಿ ಮಾಡಿ.

ಯಾವ ಮರ ಎಂಬುದು ಪ್ರಶ್ನೆ. ತೇಗದ ಗೆರೆಗಳು 1:24ಕ್ಕೆ ಒರಟು, ಸಣ್ಣ ಕಪ್ಪಿಯ ಮೇಲೆ ನೇಗಿಲ ಸಾಲಿನಂತೆ ಕಾಣುತ್ತವೆ. ನಮ್ಮ ತೋಟದ ಹಳೆಯ ಕಾಫಿ ಗಿಡದ ಬೊಡ್ಡೆ ಈ ಕೆಲಸಕ್ಕೇ ಹುಟ್ಟಿದಂತಿದೆ: ಗಟ್ಟಿ, ತಿಳಿ ಬಣ್ಣ, ಎಳೆಗಳು ಕಣ್ಣಿಗೆ ಕಾಣದಷ್ಟು ನವಿರು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬಿದ್ದರೆ ಕಿತ್ತು ಸುಡುತ್ತೇವೆ, ಅಂಥದ್ದು ಬೇಡ, ಒಳಗೆಲ್ಲ ಸುರಂಗ. ವಯಸ್ಸಾಗಿ ತೆಗೆದ ಗಿಡದ ಬೊಡ್ಡೆ ಕೇಳಿ ಪಡೆಯಿರಿ. ಕಡಿದ ದಿನವೇ ಎರಡೂ ತುದಿಗೆ ಮೇಣ ಬಳಿದು ನೆರಳಿನಲ್ಲಿಡಿ, ಇಲ್ಲದಿದ್ದರೆ ತಿಂಗಳೊಳಗೆ ನಕ್ಷತ್ರದಂತೆ ಸೀಳುತ್ತದೆ.

15 ಸೆಂ.ಮೀ. ಕಪ್ಪಿ ನಿಮಗೆ 6.25 ಮಿ.ಮೀ. ಒಂದೊಂದನ್ನೇ ಕತ್ತರಿಸಿ ಕೆತ್ತಲು ಹೋದರೆ ಬೆರಳೂ ಹೋಗುತ್ತದೆ, ಕಪ್ಪಿಯೂ ಹೋಗುತ್ತದೆ. ಒಂದು ಗೇಣು ಉದ್ದದ ಪಟ್ಟಿಯನ್ನು ಮೊದಲು ಕಪ್ಪಿಯ ಅಗಲ, ದಪ್ಪಕ್ಕೆ ತನ್ನಿ. ಹಗ್ಗ ಕೂರುವ ಚಡಿಯನ್ನು ಉದ್ದಕ್ಕೂ ಒಂದೇ ಸಲ ತೆಗೆಯಿರಿ. ಆಮೇಲೆ ತೂತುಗಳನ್ನು ಜೋಡಿ ಜೋಡಿಯಾಗಿ ಕೊರೆಯಿರಿ. ಮೂಲೆ ದುಂಡಗೆ ಮಾಡುವುದೂ ಪಟ್ಟಿಯಲ್ಲಿದ್ದಾಗಲೇ. ಕತ್ತರಿಸಿ ಬೇರೆ ಮಾಡುವುದು ಎಲ್ಲ ಮುಗಿದ ಮೇಲೆ. ಕೊನೆಯವರೆಗೂ ಪಟ್ಟಿಯೇ ನಿಮಗೆ ಹಿಡಿಕೆ.

ಸೂಜಿದಾರ, ಅರಸೀಕೆರೆ:

ಅಷ್ಟು ಸಣ್ಣ ತೂತಿಗೆ ಡ್ರಿಲ್ ಬಿಟ್ ಇಲ್ಲದವರು ಸೂಜಿಯ ಕಣ್ಣನ್ನು ಅರ್ಧಕ್ಕೆ ಮುರಿಯಿರಿ. ಉಳಿದ ಕವಲು ತುದಿ ಮರವನ್ನು ಚೆನ್ನಾಗಿ ಕೊರೆಯುತ್ತದೆ. ಮುರಿಯುವಾಗ ಕನ್ನಡಕ ಹಾಕಿಕೊಳ್ಳಿ.

ಕಲ್ಲುಚೂರು, ಹಳೇಬೀಡು:

ಲಂಗರು ಹೇಗೆ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲವಲ್ಲ. ಎರಡು ಲಂಗರು ಬೇಕಾದರೆ ಬಳಪದ ಕಲ್ಲಿನಲ್ಲಿ ಅಚ್ಚು ಕೊರೆಯಿರಿ. ಬೇಲೂರು, ಹಳೇಬೀಡಿನ ಶಿಲ್ಪಿಗಳಿಗೆ ಶಿಲಾಬಾಲಿಕೆಯ ಬೆರಳಿನ ಉಂಗುರವನ್ನೂ ಬಿಡಿಸಿ ತೋರಿಸಲು ಸಾಧ್ಯವಾದದ್ದು ಈ ಕಲ್ಲಿನಿಂದಲೇ: ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಕಲ್ಲನ್ನು ಈಗ ಮೂರ್ತಿ ಕೆತ್ತುವವರ ಬಳಿ ಚೂರಾಗಿ ಬಿದ್ದದ್ದನ್ನು ಕೇಳಿ ತನ್ನಿ. ಗುಡಿಯ ಸುತ್ತಮುತ್ತ ಬಿದ್ದಿರುವ ಒಂದು ಹರಳನ್ನೂ ಮುಟ್ಟಬೇಡಿ. ಈ ಮಾತನ್ನು ಯಾಕೆ ಹೇಳಬೇಕಾಯಿತು ಎಂದು ನಮ್ಮ ಊರಿನವರಿಗೆ ಗೊತ್ತು.

ಎರಡು ಚೂರನ್ನು ಒಂದರ ಮೇಲೊಂದು ಉಜ್ಜಿ ಸಂದಿಲ್ಲದಂತೆ ಕೂರಿಸಿ. ಅರ್ಧ ಲಂಗರು ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಎರಡೂ ಸರಿಯಾಗಿ ಕೂರಲು ಮೂಲೆಯಲ್ಲಿ ಎರಡು ಮೊಳೆ. ಮೇಲಿನಿಂದ ಸುರಿಯಲು ಕೊಳವೆಯಂತೆ ಒಂದು ಬಾಯಿ, ಲಂಗರಿನ ಎರಡೂ ತುದಿಯಿಂದ ಗಾಳಿ ಹೋಗಲು ಕೂದಲಿನಂಥ ಗೀರು. ಗೀರು ಇಲ್ಲದಿದ್ದರೆ ತುದಿ ತುಂಬುವುದಿಲ್ಲ. ರೇಡಿಯೊ ರಿಪೇರಿಯ ಸೀಸ ತವರದ ಬೆಸುಗೆ ಕಡ್ಡಿ 183 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕಲ್ಲನ್ನು ಮೊದಲು ಚೆನ್ನಾಗಿ ಬಿಸಿ ಮಾಡಿ ಒಣಗಿಸಿ. ಕಲ್ಲಿನೊಳಗೆ ಒಂದು ಹನಿ ನೀರಿದ್ದರೂ ಅದು ಆವಿಯಾಗಿ ಲೋಹ ಮುಖಕ್ಕೆ ಸಿಡಿಯುತ್ತದೆ. ಅಡುಗೆ ಪಾತ್ರೆಯಲ್ಲಿ ಸೀಸ ಕರಗಿಸಬೇಡಿ, ಕಿಟಕಿ ತೆರೆದಿಡಿ. ಕಲ್ಲನ್ನು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿ.

ನಿವೃತ್ತ ಫಿಟ್ಟರ್, ಹಾಸನ:

ಅಚ್ಚಿನ ಕೆಲಸ ಚೆನ್ನಾಗಿ ಹೇಳಿದಿರಿ. ಸರಪಳಿಯನ್ನು ನಾನು ಹೇಳಿ ಮುಗಿಸುತ್ತೇನೆ. ಗಿಡ್ಡ ಕೊಂಡಿಯ ಸರಪಳಿಯಲ್ಲಿ ಕೊಂಡಿಯ ಹೊರ ಉದ್ದ ಸರಳಿನ ದಪ್ಪದ ಸುಮಾರು ಐದು ಪಟ್ಟು. 12 ಮಿ.ಮೀ. ಸರಳು ಎಂದರೆ ನಿಮಗೆ ಅರ್ಧ ಮಿ.ಮೀ. ತಂತಿ, ಎರಡೂವರೆ ಮಿ.ಮೀ. ಕೊಂಡಿ. ಅಷ್ಟು ಸಣ್ಣ ತಂತಿ ಸಿಗದಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗಿ. ಅವರ ಕಂಬಚ್ಚಿನಲ್ಲಿ, ಅಂದರೆ ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ, ದಪ್ಪ ತಂತಿಯನ್ನು ಒಂದೊಂದೇ ತೂತಿನಲ್ಲಿ ಎಳೆದು ಸಣ್ಣ ಮಾಡಿಕೊಡುತ್ತಾರೆ. ಎರಡು ಗುಂಡುಸೂಜಿಗಳನ್ನು ಜೋಡಿಸಿ ಹಿಡಿದು ಅದರ ಮೇಲೆ ತಂತಿಯನ್ನು ಒತ್ತೊತ್ತಾಗಿ ಸುತ್ತಿ. ಸುರುಳಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಉದ್ದಕ್ಕೆ ಗರಗಸದಿಂದ ಸೀಳಿದರೆ ಕೊಂಡಿಗಳು ಉದುರುತ್ತವೆ.

ಉದುರುತ್ತವೆ ಎಂದೆ. ಮೇಜಿನ ಅಂಚಿಗೆ ಒಂದು ಬಟ್ಟೆಯನ್ನು ಮೊಳೆ ಹೊಡೆದು, ಇನ್ನೊಂದು ತುದಿಯನ್ನು ನಿಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಚಿನ್ನದ ಕೆಲಸದವರು ಮಡಿಲಿಗೆ ಚರ್ಮ ಹಾಸಿಕೊಳ್ಳುವುದು ಸುಮ್ಮನೆ ಅಲ್ಲ.

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ರೇಲಿಂಗ್ ಆಯಿತು. ನನ್ನ ಕೈಯಿಂದ ಬಂದದ್ದೇ ಎಂದು ನನಗೇ ನಂಬಿಕೆಯಾಗುತ್ತಿಲ್ಲ. ದಪ್ಪ ಸರಿಯಾದ ಕೂಡಲೇ ಇಡೀ ದೋಣಿ ದೊಡ್ಡದಾದಂತೆ ಕಂಡಿತು. ವಾಷರ್ ಟೈರು, ಆರು ದಾರದ ಹಗ್ಗ, ಸರಪಳಿ ಎಲ್ಲ ಕೂತವು. ಲಂಗರು ನಾಲ್ಕನೆಯ ಸಲಕ್ಕೆ ತುಂಬಿಕೊಂಡಿತು. ಬಲೆಗೆ ಹಳೆಯ ಸೊಳ್ಳೆ ಪರದೆ ಕತ್ತರಿಸಿದೆ. ಕಣ್ಣು ಒಂದೂವರೆ ಮಿ.ಮೀ. ಎಂದರೆ ನಿಜದಲ್ಲಿ 36, ಕಣ್ಣಿಗೆ ಒಪ್ಪಿತು.

ಎರಡು ಅನಾಹುತ. ಜಡಿಮಳೆಯ ದಿನ ಸ್ಪ್ರೇ ಬಣ್ಣ ಹೊಡೆದೆ, ಗಾಳಿಯ ತೇವಕ್ಕೆ ಮೇಲೆಲ್ಲ ಬೂದಿ ಬಳಿದಂತೆ ಬಿಳಿಚಿಕೊಂಡಿತು. ಅದನ್ನು ಒರೆಸಿ, ಎರಡು ದಿನ ಬಿಸಿಲು ಕಾದು ಮತ್ತೆ ಹೊಡೆದೆ. ಎರಡನೆಯದು: ಕಾಫಿ ಮರದಲ್ಲಿ ಎಂಟು ಕಡ್ಡಿಯ ಚುಕ್ಕಾಣಿ ಚಕ್ರ ಮಾಡಿದ್ದೆ, 22 ಮಿ.ಮೀ. ಮಡಿಲ ಬಟ್ಟೆ ಇತ್ತು. ಫೋನ್ ಬಂತೆಂದು ಎದ್ದೆ. ಬಟ್ಟೆಯಲ್ಲಿದ್ದ ಚಕ್ರ ನೆಲಕ್ಕೆ, ನೆಲದಿಂದ ನನ್ನ ಚಪ್ಪಲಿಗೆ. ಎರಡನೆಯ ಚಕ್ರ ಮೊದಲನೆಯದಕ್ಕಿಂತ ಚೆನ್ನಾಗಿದೆ ಎಂದು ಮನೆಯವಳು ಹೇಳಿದಳು. ಎರಡು ವರ್ಷದಲ್ಲಿ ಮೊದಲ ಹೊಗಳಿಕೆ.

ಈಗ ದೀಪ ಉಳಿದಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷುಗಳ ಪಾರದರ್ಶಕ ಹಿಡಿಕೆಯಿಂದ ಕೆಂಪು, ಹಸಿರು ಗಾಜು ಅರೆದುಕೊಂಡಿದ್ದೇನೆ. ಸೂಪರ್ ಗ್ಲೂ ಹಾಕಬಹುದೇ?

ಸೂಜಿದಾರ, ಅರಸೀಕೆರೆ:

ಬೇಡ. ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಮರಕ್ಕೆ ಹಾಕುವ ಬಿಳಿ ಅಂಟು ಹಚ್ಚಿ, ಒಣಗಿದ ಮೇಲೆ ಕಾಣುವುದೇ ಇಲ್ಲ.

ಘಟ್ಟ ಹತ್ತಿದವನು, ಬೇಲೂರು:

ಪಕ್ಕದ ದೀಪದ ಹಲಗೆಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಳಿಯಿರಿ, ಬೆಳಕು ಪ್ರತಿಫಲಿಸಬಾರದು. ಬೆಳಕು ನೇರ ಮುಂದಿನಿಂದ ಪಕ್ಕಕ್ಕೆ 112.5 ಡಿಗ್ರಿ ಮಾತ್ರ ಕಾಣಬೇಕು. ಬಲೆ ಎಳೆಯುವ ದೋಣಿ ಎಂದು ತಿಳಿಯಲು ಕಂಬದ ಮೇಲೆ ಇನ್ನೆರಡು: ಮೇಲೆ ಹಸಿರು, ಕೆಳಗೆ ಬಿಳಿ.

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು:

ಅಂಟಿಸಿ ಮುಗಿಸಿದೆ. ಹಲಗೆಯ ಒಳಗೆ ಕಪ್ಪು, ಕಂಬದ ಮೇಲೆ ಹಸಿರು, ಕೆಳಗೆ ಬಿಳಿ. ಪಕ್ಕದಲ್ಲಿ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಫೋಟೊ ಹಾಕಿದ್ದೇನೆ, ನೋಡಿ.

ಘಟ್ಟ ಹತ್ತಿದವನು, ಬೇಲೂರು:

ಅಣ್ಣ, ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಾ ನಿಂತವನ ಎಡಕ್ಕೆ ಕೆಂಪು. ನೀವು ಎದುರಿನಿಂದ ತೆಗೆದ ಫೋಟೊ ನೋಡಿಕೊಂಡು ಮಾಡಿದ್ದೀರಿ.

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು:

ಅಯ್ಯೋ. ಸೂಜಿದಾರ ಅಕ್ಕಾ, ಒಣಗಿದ ಬಿಳಿ ಅಂಟು ಬಿಡುತ್ತದೆಯೇ?

ಸೂಜಿದಾರ, ಅರಸೀಕೆರೆ:

ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಗಾಜಿನ ಮೇಲೆ ಅರ್ಧ ಗಂಟೆ ಇಡಿ. ಕೆಳಗೆ ಬಟ್ಟೆ ಹಾಸಿಕೊಂಡಿರಿ. ಫೋನ್ ಬಂದರೆ ಏಳಬೇಡಿ.